ಎರರ್ 25: ಹಳೆಯ ಗ್ರಬ್ ಮೇಲೆ ಬಿದ್ದ ಆಪಾದನೆ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಪ್ಯಾಟರ್ನ್ ಮಾಡಿಕೊಡುವ ಸಣ್ಣ ಕಾರ್ಖಾನೆಯೊಂದಿದೆ. ಕಬ್ಬಿಣ ಎರಕ ಹೊಯ್ಯುವ ಮೊದಲು ಮರಳಿನಲ್ಲಿ ಅಚ್ಚು ಮೂಡಿಸಲು ಮರದ ಮಾದರಿ ಬೇಕು, ಅದೇ ಪ್ಯಾಟರ್ನ್. ಹಿಂದೆ ಬಡಿಗರು ಉಳಿ, ಉಜ್ಜುಗೊರಡು ಹಿಡಿದು ಇದನ್ನು ಮಾಡುತ್ತಿದ್ದರು. 2008ರ ಕೊನೆಗೆ ಮಾಲೀಕರು ಮರ ಕೊರೆಯುವ ಸಿಎನ್‌ಸಿ ಯಂತ್ರವೊಂದನ್ನು ಹಾಕಿಸಿದರು. ಯಂತ್ರವನ್ನು ನಡೆಸುವುದು ಪಕ್ಕದಲ್ಲೇ ಕೂತಿರುವ ಒಂದು ಸಾಮಾನ್ಯ ಕಂಪ್ಯೂಟರ್: ಉಬುಂಟು 8.04 ಎಂಬ ಲಿನಕ್ಸ್ ಕಾರ್ಯವ್ಯವಸ್ಥೆ, ಅದರ ಮೇಲೆ ಇಎಂಸಿ2 ಎಂಬ ತಂತ್ರಾಂಶ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್‌ನಲ್ಲಿ ಹುಟ್ಟಿದ ಈ ತಂತ್ರಾಂಶವೇ ಮುಂದೆ ಹೆಸರು ಬದಲಿಸಿಕೊಂಡು ಲಿನಕ್ಸ್‌ಸಿಎನ್‌ಸಿ ಆಯಿತು. ಕಂಪ್ಯೂಟರಿನ ಹಿಂಬದಿಯ ಪ್ಯಾರಲಲ್ ಪೋರ್ಟಿನಿಂದ, ಅಂದರೆ ಹಿಂದೆ ಪ್ರಿಂಟರ್ ಸಿಕ್ಕಿಸುತ್ತಿದ್ದ ಆ ಅಗಲ ಬಾಯಿಯಿಂದ, ಸ್ಟೆಪ್ಪರ್ ಮೋಟರುಗಳಿಗೆ ಮಿಡಿತಗಳು ಹೋಗುತ್ತವೆ.

2018ರ ಜೂನ್ ತಿಂಗಳಲ್ಲಿ ಅಲ್ಲಿಂದ ನನಗೆ ಕರೆ ಬಂತು. ಹತ್ತು ವರ್ಷ ತಕರಾರಿಲ್ಲದೆ ನಡೆದ ಕಂಪ್ಯೂಟರ್ ಮಳೆ ಹಿಡಿದ ಮೇಲೆ ಬೆಳಿಗ್ಗೆ ಏಳುವುದಕ್ಕೆ ಹಟ ಮಾಡುತ್ತಿತ್ತಂತೆ. ಕಪ್ಪು ಪರದೆಯ ಮೇಲೆ ‘ಗ್ರಬ್ ಲೋಡಿಂಗ್ ಸ್ಟೇಜ್ 1.5’ ಎಂದು ಬಂದು, ಅದರ ಕೆಳಗೆ ‘ಎರರ್ 25’ ಎಂದು ತೋರಿಸಿ ನಿಲ್ಲುತ್ತಿತ್ತು. ಗ್ರಬ್ ಅಂದರೆ ಕಂಪ್ಯೂಟರ್ ಹಚ್ಚಿದಾಗ ಕಾರ್ಯವ್ಯವಸ್ಥೆಯನ್ನು ಎಬ್ಬಿಸುವ ಪುಟ್ಟ ತಂತ್ರಾಂಶ, ಅಂದರೆ ಬೂಟ್‌ಲೋಡರ್. ರೀಸೆಟ್ ಗುಂಡಿಯನ್ನು ಎರಡು ಮೂರು ಸಲ ಒತ್ತಿದರೆ ಏಳುತ್ತಿತ್ತು. ಮಧ್ಯಾಹ್ನ ಸುಮ್ಮನೆ ಆರಿಸಿ ಹಚ್ಚಿದರೆ ಏನೂ ತೊಂದರೆಯಿಲ್ಲ. ಬೆಳಿಗ್ಗೆ ಮಾತ್ರ ಹೀಗೆ. ಮಾಲೀಕರು ಬೇರೆ ದಾರಿ ಕಾಣದೆ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿದ ಮೇಲೆಯೇ ಗುಂಡಿ ಒತ್ತುವ ಪದ್ಧತಿ ಮಾಡಿಕೊಂಡಿದ್ದರು. ಅದರಿಂದ ಕಂಪ್ಯೂಟರಿಗೆ ಬೆಚ್ಚಗಾಗಲು ನಾಲ್ಕು ನಿಮಿಷ ಸಿಗುತ್ತಿರಲಿಲ್ಲವಾದರೂ ಮಾಲೀಕರಿಗೆ ತಾಳ್ಮೆ ಸಿಗುತ್ತಿತ್ತು.

ನಾನು ಹೋಗುವಷ್ಟರಲ್ಲಿ ಒಂದು ಸುತ್ತು ರಿಪೇರಿ ಆಗಿಹೋಗಿತ್ತು. ಮಾಲೀಕರ ಅಕ್ಕನ ಮಗ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದ. ರಜೆಗೆ ಬಂದವನು ಪರದೆ ನೋಡಿದ. ಮೇಲೆ ‘ಗ್ರಬ್ 0.97’. ಅದು 2005ರ ಆವೃತ್ತಿ. ‘ಮಾಮಾ, ಈ ಬೂಟ್‌ಲೋಡರ್ ಹದಿಮೂರು ವರ್ಷ ಹಳೆಯದು, ಇದನ್ನು ಈಗ ಯಾರೂ ನೋಡಿಕೊಳ್ಳುವುದಿಲ್ಲ’ ಎಂದು ತೀರ್ಪು ಕೊಟ್ಟು, 120 ಜಿಬಿಯ ಹೊಸ ಎಸ್‌ಎಸ್‌ಡಿ ತರಿಸಿ, ತನ್ನ ಲ್ಯಾಪ್‌ಟಾಪಿನಿಂದ ಅದರ ಮೇಲೆ ಹೊಸ ಪಾರ್ಟಿಷನ್, ಅಂದರೆ ಡಿಸ್ಕಿನ ವಿಭಾಗ, ಮಾಡಿ, ಹಳೆಯ ಡಿಸ್ಕಿನ ಫೈಲುಗಳನ್ನೆಲ್ಲ ಅದಕ್ಕೆ ಸುರಿದಿದ್ದ. ಎಲ್ಲೋ ಓದಿದ ನೆನಪಿನಿಂದ ಹಳೆಯ ಡಿಸ್ಕಿನ ಮೊದಲ 446 ಬೈಟುಗಳನ್ನೂ ಹೊಸದಕ್ಕೆ ನಕಲಿಸಿದ್ದ. ಈಗ ಎಸ್‌ಎಸ್‌ಡಿ ಹಾಕಿದರೆ ಎರರ್ 25 ಕೂಡ ಬರುತ್ತಿರಲಿಲ್ಲ. ‘ಗ್ರಬ್’ ಎಂಬ ಒಂದೇ ಪದ, ಅದರ ಮುಂದೆ ಮಿನುಗುವ ಗೆರೆ, ಅಷ್ಟೇ.

‘ಸರ್, ಹಳೆಯದನ್ನು ಬಿಟ್ಟು ಗ್ರಬ್ 2 ಹಾಕಿಬಿಡೋಣ’ ಎಂದ ಹುಡುಗ.

‘ಇದ್ದದ್ದು ಇದ್ದ ಹಾಗೆ ಎದ್ದರೆ ನನಗೆ ಸಾಕು’ ಎಂದರು ಮಾಲೀಕರು. ಎರಡು ದಿನಗಳಿಂದ ಯಂತ್ರ ನಿಂತಿತ್ತು, ಪಂಪಿನ ಕೇಸಿಂಗಿನ ಪ್ಯಾಟರ್ನ್ ಒಂದು ಅರ್ಧ ಕೊರೆದು ಮೇಜಿನ ಮೇಲೆಯೇ ಕೂತಿತ್ತು.

ಇಬ್ಬರಲ್ಲಿ ಯಾರ ಮಾತು ಸರಿ ಎಂದು ಹೇಳುವ ಮೊದಲು ನನಗೆ ತಿಳಿಯಬೇಕಾಗಿದ್ದುದು ಇಷ್ಟೇ: ಆ 25 ಎಂಬ ಸಂಖ್ಯೆ ಯಾರ ದೂರು?

ಮೊದಲು ಮಾತನಾಡುವವನ ಕಷ್ಟ

ಬೂಟ್‌ಲೋಡರಿನ ಹಣೆಬರಹವೇ ಹಾಗೆ. ಕಂಪ್ಯೂಟರ್ ಹಚ್ಚಿದಾಗ, ಯಂತ್ರದೊಳಗೇ ಕೂತಿರುವ ಬಯೋಸ್ ಎಂಬ ಮೊದಲ ತಂತ್ರಾಂಶ ಬಿಟ್ಟರೆ, ಮೊದಲು ಬಾಯಿ ತೆರೆಯುವುದು ಅದು. ಕೇಬಲ್ ಸಡಿಲವಾಗಿರಲಿ, ಡಿಸ್ಕ್ ಸವೆದಿರಲಿ, ಕೆಟ್ಟ ಸುದ್ದಿಯನ್ನು ಹೊತ್ತು ತರುವುದು ಅದೇ. ಏಟು ಬೀಳುವುದೂ ಅದಕ್ಕೇ. ಅದರಲ್ಲೂ ಹಳೆಯ ಗ್ರಬ್‌ಗೆ ‘ಲೆಗಸಿ’ ಎಂಬ ಪಟ್ಟ ಬೇರೆ ಕಟ್ಟಿದ್ದಾರೆ. 1995ರಲ್ಲಿ ಎರಿಕ್ ಬೋಲಿನ್ ಗ್ನು ಹರ್ಡ್ ಎಂಬ ಕಾರ್ಯವ್ಯವಸ್ಥೆಯನ್ನು ಬೂಟ್ ಮಾಡಲೆಂದು ಬರೆಯಲು ಶುರುಮಾಡಿದ ಈ ಲೋಡರ್ 0.97ಕ್ಕೆ ಬಂದು ನಿಂತಿತು. ಆಮೇಲೆ ಹೊಸದಾಗಿ ಬರೆದದ್ದು ಗ್ರಬ್ 2. ಉಬುಂಟು ಅದನ್ನು 2009ರ ಅಕ್ಟೋಬರಿನ 9.10ರಿಂದ ಹೊಸ ಅಳವಡಿಕೆಗಳಿಗೆ ಕೊಡತೊಡಗಿತು, ಗ್ರಬ್ 2.00 ಎಂಬ ಅಧಿಕೃತ ಆವೃತ್ತಿ ಬಂದದ್ದು 2012ರಲ್ಲಿ. ಹಳೆಯದು ಎನ್ನುವುದೇನೋ ನಿಜ. ಆದರೆ ನಿನ್ನೆ ಮಧ್ಯಾಹ್ನ ನಡೆದು ಇಂದು ಬೆಳಿಗ್ಗೆ ನಿಂತದ್ದಕ್ಕೆ ಹದಿಮೂರು ವರ್ಷದ ವಯಸ್ಸು ಕಾರಣವಾಗಲಾರದು. ತಂತ್ರಾಂಶಕ್ಕೆ ಮಳೆಗಾಲ, ಚಳಿಗಾಲ ಗೊತ್ತಿಲ್ಲ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಗೂ ವ್ಯತ್ಯಾಸ ತೋರಿಸುವುದು ಲೋಹ ಮತ್ತು ಬೆಸುಗೆ.

ಗ್ರಬ್ ಲೆಗಸಿಯ ಎರರ್ ಸಂಖ್ಯೆಗಳಿಗೆ ಖಚಿತವಾದ ಅರ್ಥಗಳಿವೆ. 15 ಅಂದರೆ ಫೈಲ್ ಸಿಗಲಿಲ್ಲ. 17 ಅಂದರೆ ಪಾರ್ಟಿಷನ್ ಇದೆ, ಆದರೆ ಅದರೊಳಗಿನ ಫೈಲ್ ಸಿಸ್ಟಂ, ಅಂದರೆ ಫೈಲುಗಳನ್ನು ಜೋಡಿಸಿಟ್ಟ ಕ್ರಮ, ಅರ್ಥವಾಗಲಿಲ್ಲ. 21 ಅಂದರೆ ಡಿಸ್ಕೇ ಇಲ್ಲ, 22 ಅಂದರೆ ಆ ಸಂಖ್ಯೆಯ ಪಾರ್ಟಿಷನ್ ಇಲ್ಲ. 25 ಅಂದರೆ ‘ಡಿಸ್ಕ್ ರೀಡ್ ಎರರ್’: ಓದಲು ಹೋದೆ, ಡಿಸ್ಕ್ ಕೊಡಲಿಲ್ಲ. ಗ್ರಬ್ ಡಿಸ್ಕನ್ನು ಓದುವುದು ಬಯೋಸ್ ಮೂಲಕ. ಬಯೋಸ್ ಇಲ್ಲ ಎಂದರೆ ಅದೂ ಇಲ್ಲ ಎನ್ನುತ್ತದೆ. ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ ಎದ್ದ ಮೇಲಾದರೆ ಅದರ ಸ್ವಂತ ಡ್ರೈವರ್ ಇರುತ್ತದೆ, ಮತ್ತೆ ಮತ್ತೆ ಕೇಳಿ ಹೇಗೋ ಓದಿಸಿಕೊಳ್ಳುತ್ತದೆ. ಆದ್ದರಿಂದಲೇ ಒಮ್ಮೆ ಎದ್ದ ಮೇಲೆ ದಿನವಿಡೀ ಯಂತ್ರ ಸುಸೂತ್ರವಾಗಿ ನಡೆಯುತ್ತಿತ್ತು. ಡಿಸ್ಕಿನ ರೋಗ ಗ್ರಬ್‌ನ ಬಾಯಲ್ಲಿ ಮಾತ್ರ ಹೊರಬೀಳುತ್ತಿತ್ತು.

ಹಳೆಯ 80 ಜಿಬಿ ಡಿಸ್ಕನ್ನು ಸಿಕ್ಕಿಸಿ, ಡೆಬಿಯನ್ 9ರ 32 ಬಿಟ್ ಲೈವ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ದಾಖಲೆ ತೆಗೆಸಿದೆ. ಐದನೆಯ ಸಾಲು, ಅಂದರೆ ಕೆಟ್ಟ ಜಾಗದಿಂದ ಬೇರೆ ಜಾಗಕ್ಕೆ ಸರಿಸಿದ ಸೆಕ್ಟರುಗಳು (ಡಿಸ್ಕಿನ ಚಿಕ್ಕ ತುಂಡುಗಳು): 212. ನೂರ ತೊಂಬತ್ತೇಳನೆಯ ಸಾಲು, ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು: 19. ಹುಡುಗ ಪರದೆಯನ್ನೇ ನೋಡುತ್ತಿದ್ದ. ‘ಹಾಗಾದರೆ ಗ್ರಬ್ ಅಲ್ಲವೇ?’ ಎಂದ.

‘ಗ್ರಬ್ ಸಾಕ್ಷಿ, ತಮ್ಮಾ. ಕಳ್ಳನಲ್ಲ’ ಎಂದೆ.

ಡಿಸ್ಕ್ ಬದಲಿಸಬೇಕೆಂಬ ಅವನ ತೀರ್ಮಾನವಂತೂ ಸರಿಯಾಗಿಯೇ ಇತ್ತು, ಕಾರಣ ಮಾತ್ರ ತಪ್ಪು. ಕಾರಣ ತಪ್ಪಾದರೆ ಮುಂದಿನ ಕೆಲಸವೂ ತಪ್ಪುತ್ತದೆ ಎನ್ನುವುದಕ್ಕೆ ಅವನ ಎಸ್‌ಎಸ್‌ಡಿಯೇ ಮೇಜಿನ ಮೇಲಿತ್ತು.

ನಾಮಫಲಕ ಮಾತ್ರ ಬಂದಿತ್ತು

ಎಸ್‌ಎಸ್‌ಡಿ ಏಕೆ ‘ಗ್ರಬ್’ ಎಂದಷ್ಟೇ ಹೇಳಿ ನಿಂತಿತು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ 512 ಬೈಟಿನದು. ಅದರಲ್ಲಿ ಮೊದಲ 446 ಬೈಟು ಬೂಟ್ ಮಾಡುವ ಕೋಡ್, ನಂತರದ 64 ಬೈಟು ನಾಲ್ಕು ಪಾರ್ಟಿಷನ್‌ಗಳ ಪಟ್ಟಿ, ಕೊನೆಯ ಎರಡು ಬೈಟು ಗುರುತಿನ ಮುದ್ರೆ. 446 ಬೈಟಿನಲ್ಲಿ ಫೈಲ್ ಸಿಸ್ಟಂ ಓದುವ ಬುದ್ಧಿ ತುಂಬಲಾಗದು. ಅದಕ್ಕಾಗಿ ಹಳೆಯ ಗ್ರಬ್ ಮೂರು ಮೆಟ್ಟಿಲು ಮಾಡಿಕೊಂಡಿದೆ. ಮೊದಲ ಸೆಕ್ಟರಿನಲ್ಲಿ ಕೂರುವುದು ಸ್ಟೇಜ್ 1; ಅದಕ್ಕೆ ಗೊತ್ತಿರುವುದು ಪಕ್ಕದ ಸೆಕ್ಟರಿನ ವಿಳಾಸ ಮಾತ್ರ. ಅಲ್ಲಿಂದ ಶುರುವಾಗಿ ಹದಿನೈದು ಹದಿನಾರು ಸೆಕ್ಟರುಗಳಲ್ಲಿ ಕೂರುವುದು ಸ್ಟೇಜ್ 1.5, ಅದಕ್ಕೆ ಇಎಕ್ಸ್‌ಟಿ2, ಇಎಕ್ಸ್‌ಟಿ3 ಎಂಬ ಫೈಲ್ ಸಿಸ್ಟಂಗಳನ್ನು ಓದಲು ಬರುತ್ತದೆ. ಅದು ಪಾರ್ಟಿಷನ್ ಒಳಗಿನ ಬೂಟ್ ಫೋಲ್ಡರಿನಿಂದ ಸ್ಟೇಜ್ 2 ಎಂಬ ಫೈಲನ್ನು ಹುಡುಕಿ ಎಬ್ಬಿಸುತ್ತದೆ. ನಮಗೆ ಕಾಣುವ ಮೆನು ಈ ಸ್ಟೇಜ್ 2ರದು.

ಬೂಟ್ ಆಗುವಾಗ ಓಡುವ ಸ್ಟೇಜ್ 1.5 ಫೈಲಿನಿಂದ ಬರುವುದಲ್ಲ. ಮೊದಲ ಸೆಕ್ಟರಿಗೂ ಮೊದಲ ಪಾರ್ಟಿಷನ್ನಿಗೂ ನಡುವಿನ ಬಯಲಿನಲ್ಲಿ ಅದು ಬಿಡಾರ ಹೂಡಿರುತ್ತದೆ. ಹುಡುಗ ನಕಲಿಸಿದ್ದು 446 ಬೈಟು ಮತ್ತು ಪಾರ್ಟಿಷನ್ ಒಳಗಿನ ಫೈಲುಗಳು. ನಡುವಿನ ಬಯಲು ಯಾರ ಲೆಕ್ಕಕ್ಕೂ ಬರಲಿಲ್ಲ. ಹೊಸ ಡಿಸ್ಕಿನಲ್ಲಿ ಸ್ಟೇಜ್ 1 ಎದ್ದು, ತನ್ನ ಹೆಸರು ಹೇಳಿ, ಪಕ್ಕದ ಸೆಕ್ಟರನ್ನು ಎತ್ತಿಕೊಂಡಿತು. ಅಲ್ಲಿ ಬರೀ ಸೊನ್ನೆಗಳು. ಹಳೆಯ ಮನೆಯ ನಾಮಫಲಕ ಬಿಚ್ಚಿ ತಂದು ಖಾಲಿ ಸೈಟಿನಲ್ಲಿ ನೆಟ್ಟ ಹಾಗಾಗಿತ್ತು.

ಇಷ್ಟು ತಿಳಿದ ಮೇಲೆ ಹುಡುಗನ ವಾದಕ್ಕೆ ಇನ್ನಷ್ಟು ಬಲ ಬಂತು. ಹೇಗೂ ಲೋಡರನ್ನು ಮತ್ತೆ ಬರೆಯಲೇಬೇಕು. ಬರೆಯುವುದಾದರೆ ಹೊಸದನ್ನೇ ಬರೆಯಬಾರದೇಕೆ? ಅವನ ಎಸ್‌ಎಸ್‌ಡಿಯ ಪಾರ್ಟಿಷನ್ ಇಎಕ್ಸ್‌ಟಿ4ರಲ್ಲಿತ್ತು. 8.04ರ ಹಳೆಯ ಗ್ರಬ್‌ಗೆ ಇಎಕ್ಸ್‌ಟಿ4 ಬಾರದು, ಗ್ರಬ್ 2ಕ್ಕೆ ಬರುತ್ತದೆ. ವಾದ ಗಟ್ಟಿಯಾಗಿಯೇ ಇತ್ತು. ಇಂಥ ಕಡೆ ನಾನು ಬಾಯಿ ಮಾತಿನಲ್ಲಿ ತಡೆಯುವುದಿಲ್ಲ. ಹಳೆಯ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಆಚೆ ಇಟ್ಟು, ‘ಹಾಕು, ನೋಡೋಣ’ ಎಂದೆ. ಎಸ್‌ಎಸ್‌ಡಿಯಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ.

ಡೆಬಿಯನ್ ಲೈವಿನಿಂದ ಗ್ರಬ್ 2 ಬರೆಯಲು ಅವನಿಗೆ ಐದು ನಿಮಿಷ ಸಾಕಾಯಿತು. ಮೆನುವಿನ ಫೈಲನ್ನು ಮಾತ್ರ ಕೈಯಿಂದ ಬರೆದ. ಹಳೆಯ ಮೆನು.ಎಲ್‌ಎಸ್‌ಟಿ ಫೈಲಿನಲ್ಲಿ ರೂಟ್ ಎಂಬಲ್ಲಿ ‘ಎಚ್‌ಡಿ0,0’, ಅಂದರೆ ಮೊದಲ ಡಿಸ್ಕಿನ ಮೊದಲ ಪಾರ್ಟಿಷನ್, ಎಂದಿತ್ತು. ಅದನ್ನೇ ಹೊಸದರಲ್ಲಿಯೂ ಇಟ್ಟ. ಬೂಟ್ ಮಾಡಿದರೆ ಅಂಥ ಪಾರ್ಟಿಷನ್ ಇಲ್ಲ ಎಂದಿತು ಗ್ರಬ್ 2. ಹಳೆಯ ಗ್ರಬ್ ಡಿಸ್ಕನ್ನೂ ಪಾರ್ಟಿಷನ್ನನ್ನೂ ಸೊನ್ನೆಯಿಂದ ಎಣಿಸುತ್ತದೆ. ಹೊಸದು ಡಿಸ್ಕನ್ನು ಸೊನ್ನೆಯಿಂದ, ಪಾರ್ಟಿಷನ್ನನ್ನು ಒಂದರಿಂದ ಎಣಿಸುತ್ತದೆ. ಹೀಗೆ ಬದಲಿಸಿದವರ ಮೇಲೆ ನನಗೆ ಇಂದಿಗೂ ಸ್ವಲ್ಪ ಸಿಟ್ಟಿದೆ. ಎಷ್ಟು ಜನರ ಎಷ್ಟು ರಾತ್ರಿಗಳು ಈ ಒಂದು ಅಂಕಿಗೆ ಬಲಿಯಾಗಿವೆಯೋ. ಸೊನ್ನೆಯನ್ನು ಒಂದು ಮಾಡಿದ. ಹೊಸ ಫೈಲ್ ಸಿಸ್ಟಂಗೆ ಹೊಸ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಬಂದಿರುವುದರಿಂದ ಅದರ ಗೊಂದಲವೂ ಬೇಡವೆಂದು ಕರ್ನಲ್ ಸಾಲಿನಲ್ಲಿ ನೇರವಾಗಿ ಎಸ್‌ಡಿಎ1 ಎಂದು ಬರೆಸಿದೆ.

ಮೆನು ಬಂತು. ಕರ್ನಲ್ ಲೋಡ್ ಆಯಿತು. ಹುಡುಗ ನನ್ನತ್ತ ತಿರುಗಿ ನಕ್ಕ. ಎಂಟು ಹತ್ತು ಸೆಕೆಂಡು ಕಳೆದಿರಬೇಕು, ರೂಟ್ ಫೈಲ್ ಸಿಸ್ಟಂ ಮೌಂಟ್ ಮಾಡಲಾಗಲಿಲ್ಲ, ಅಂದರೆ ಕಾರ್ಯವ್ಯವಸ್ಥೆಯ ಫೈಲುಗಳಿರುವ ಪಾರ್ಟಿಷನ್ನನ್ನು ಜೋಡಿಸಿಕೊಳ್ಳಲಾಗಲಿಲ್ಲ ಎಂದು ಹೇಳಿ, ಆಜ್ಞೆ ಟೈಪಿಸುವ ಬ್ಯುಸಿಬಾಕ್ಸ್‌ನ ಪುಟ್ಟ ಶೆಲ್ಲಿಗೆ ಬಂದು ನಿಂತಿತು.

ಈ ಪ್ರಕರಣದಲ್ಲಿ ನಾನು ಬಹಳ ಹೊತ್ತು ನಿಲ್ಲುವುದು ಇಲ್ಲಿಯೇ. ಆ ಯಂತ್ರದ ಕರ್ನಲ್ 2.6.24-16-ಆರ್‌ಟಿಎಐ. ಅದರ ಕಾಲಕ್ಕೆ ಇಎಕ್ಸ್‌ಟಿ4 ಇನ್ನೂ ಪ್ರಯೋಗಾವಸ್ಥೆಯಲ್ಲಿತ್ತು. ಅದರ ಮೇಲೆ, 2018ರ ಲ್ಯಾಪ್‌ಟಾಪು ಇಎಕ್ಸ್‌ಟಿ4 ಮಾಡುವಾಗ 64 ಬಿಟ್ ವಿಳಾಸ, ಮೆಟಾಡೇಟಾ ಚೆಕ್‌ಸಮ್ ಮುಂತಾದ ಗುಣಗಳನ್ನು ತಾನೇ ಸೇರಿಸಿರುತ್ತದೆ. 2008ರ ಕರ್ನಲ್ಲಿಗೆ ಇಂಥ ಪಾರ್ಟಿಷನ್ನನ್ನು ಓದಲು ಬಾರದು. ಹಳೆಯ ಗ್ರಬ್ ಈ ಪಾರ್ಟಿಷನ್ನನ್ನು ಓದಲು ಒಪ್ಪದಿದ್ದರೆ ಅದು ಹಳೆಯ ಕರ್ನಲ್ಲಿನ ಪರವಾಗಿ ಮೊದಲೇ ಹೇಳಿದ ಮಾತಾಗುತ್ತಿತ್ತು. ಗ್ರಬ್ 2 ಹಾಕಿದ್ದರಿಂದ ತಕರಾರು ಬಾಗಿಲಿನಿಂದ ನಡುಮನೆಗೆ ಸರಿಯಿತು, ಹೋಗಲಿಲ್ಲ. ಲೋಡರನ್ನು ಮೇಲ್ದರ್ಜೆಗೇರಿಸುವವರು ಮರೆಯುವುದು ಇದನ್ನೇ: ಲೋಡರ್ ಓದಬಲ್ಲದ್ದನ್ನೆಲ್ಲ ಕರ್ನಲ್ ಓದಬಲ್ಲದು ಎಂದೇನಿಲ್ಲ. ಲೋಡರಿಗೆ ಬೇಕಾದದ್ದು ಎರಡು ಫೈಲು. ಕರ್ನಲ್ಲಿಗೆ ಇಡೀ ಸಂಸಾರ ಬೇಕು.

‘ಹಾಗಾದರೆ ಕರ್ನಲ್ಲನ್ನೂ ಹೊಸದು ಮಾಡಿದರೆ?’ ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಆರ್‌ಟಿಎಐ ಅಂದರೆ ಇಟಲಿಯ ಮಿಲಾನಿನ ಪಾಲಿಟೆಕ್ನಿಕ್‌ನಲ್ಲಿ ಬೆಳೆದ, ಲಿನಕ್ಸಿಗೆ ಕಾಲದ ಶಿಸ್ತು ಕಲಿಸುವ ತಿದ್ದುಪಡಿ. ಸ್ಟೆಪ್ಪರ್ ಮೋಟರಿಗೆ ಹೋಗುವ ಮಿಡಿತಗಳು ಹೊತ್ತಿಗೆ ಸರಿಯಾಗಿ ಹೋಗಬೇಕು. ತಡವಾದರೆ ಮೋಟರ್ ಹೆಜ್ಜೆ ತಪ್ಪುತ್ತದೆ, ಮರದ ಮೇಲೆ ಗೆರೆ ಬೀಳುತ್ತದೆ. ಈ ತಡವನ್ನು ನ್ಯಾನೊಸೆಕೆಂಡಿನಲ್ಲಿ ಅಳೆಯುತ್ತಾರೆ. ಹದಿನೈದು ಇಪ್ಪತ್ತು ಸಾವಿರದೊಳಗೆ ಇದ್ದರೆ ತಂತ್ರಾಂಶದಿಂದಲೇ ಮಿಡಿತ ಹುಟ್ಟಿಸುವ ಇಂಥ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿದ್ದ, ಅಂಚು ಹಳದಿಯಾದ ಚೀಟಿಯಲ್ಲಿ 2008ರಲ್ಲಿ ಅಳೆದ ಅಂಕಿಯಿತ್ತು: 11,400. ಕರ್ನಲ್ ಬದಲಿಸಿದರೆ ಉಬುಂಟುವನ್ನು ಬದಲಿಸಬೇಕು, ಇಎಂಸಿ2 ಬದಲು ಲಿನಕ್ಸ್‌ಸಿಎನ್‌ಸಿ ಹಾಕಬೇಕು, ಸಂರಚನೆಯ ಫೈಲುಗಳನ್ನು ತಿದ್ದಬೇಕು, ತಡವನ್ನು ಮತ್ತೆ ಅಳೆಯಬೇಕು, ಮೂರು ಅಕ್ಷಗಳನ್ನೂ ಮತ್ತೆ ಹೊಂದಿಸಬೇಕು. ಮಾಡಬಾರದ ಕೆಲಸವೇನಲ್ಲ. ಆದರೆ ಅರ್ಧ ಕೊರೆದ ಪ್ಯಾಟರ್ನ್ ಮೇಜಿನ ಮೇಲಿರುವಾಗ, ಸಾಯುತ್ತಿರುವ ಡಿಸ್ಕಿನ ನೆಪದಲ್ಲಿ ಮಾಡುವ ಕೆಲಸವಲ್ಲ.

ಇಡಿಯಾಗಿ ಎತ್ತಿದ್ದು

ಎರಡು ದಾರಿಗಳಿದ್ದವು. ಎಸ್‌ಎಸ್‌ಡಿಯಲ್ಲಿ 128 ಬೈಟಿನ ಐನೋಡ್ (ಪ್ರತಿ ಫೈಲಿನ ವಿವರ ಇಡುವ ದಾಖಲೆ) ಇರುವ ಇಎಕ್ಸ್‌ಟಿ3 ಮಾಡಿ, ಫೈಲುಗಳನ್ನು ಮತ್ತೆ ಸುರಿದು, ಹಳೆಯ ಯುಯುಐಡಿಯನ್ನೇ ಅದಕ್ಕೆ ಕೊಟ್ಟು, ಹಳೆಯ ಗ್ರಬ್‌ನ ಶೆಲ್ಲಿನಿಂದ ಮೂರೂ ಮೆಟ್ಟಿಲುಗಳನ್ನು ಹೊಸದಾಗಿ ಕಟ್ಟುವುದು ಒಂದು. ಐನೋಡಿನ ಅಳತೆಯನ್ನು ಏಕೆ ಹೇಳುತ್ತಿದ್ದೇನೆಂದರೆ, 2008ರ ಸುಮಾರಿಗೆ ಇಎಕ್ಸ್‌ಟಿ3 ಮಾಡುವ ಸಲಕರಣೆ ತಾನಾಗಿ 256 ಬೈಟಿನ ಐನೋಡ್ ಹಾಕತೊಡಗಿತು, ತಿದ್ದುಪಡಿಯಾಗದ ಗ್ರಬ್ 0.97 ಅದನ್ನು ಕಂಡರೆ ‘ಎರರ್ 2’ ಎನ್ನುತ್ತದೆ. ಫೈಲ್ ಸಿಸ್ಟಂ ಅದೇ ಹೆಸರಿನದು, ಫೈಲೂ ಇದೆ, ಆದರೂ ಓದಲಾಗದು. ಹಳೆಯ ಲೋಡರಿನ ನಿಜವಾದ ಮುಪ್ಪು ಕಾಣಿಸುವುದು ಇಂಥಲ್ಲಿ.

ಇನ್ನೊಂದು, ಹಳೆಯ ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದಂತೆ ಎತ್ತಿ ಎಸ್‌ಎಸ್‌ಡಿಗೆ ಇಳಿಸುವುದು. ಹಳೆಯದರಲ್ಲಿ 15,63,01,488 ಸೆಕ್ಟರುಗಳು, ಹೊಸದರಲ್ಲಿ 23,44,41,648. ಜಾಗಕ್ಕೆ ಕೊರತೆಯಿಲ್ಲ. ಸ್ಟೇಜ್ 1, ನಡುವಿನ ಬಯಲು, ಇಎಕ್ಸ್‌ಟಿ3, ಯುಯುಐಡಿ ಎಲ್ಲವೂ ಒಟ್ಟಿಗೆ ಬರುತ್ತವೆ. ನಾನು ಇದನ್ನೇ ಆರಿಸಿಕೊಂಡೆ. ಇದು ಸುಲಭ ಎನ್ನುವುದಕ್ಕಿಂತ, ಸಾಯುತ್ತಿರುವ ಡಿಸ್ಕನ್ನು ಎಷ್ಟು ಕಡಿಮೆ ಸಲ ಓದಿದರೆ ಅಷ್ಟು ಒಳ್ಳೆಯದು ಎನ್ನುವುದು ಮುಖ್ಯ ಕಾರಣ. ಫೈಲು ಫೈಲಾಗಿ ನಕಲಿಸಿದರೆ ಡಿಸ್ಕಿನ ಸೂಜಿ ಆಚೆ ಈಚೆ ಓಡಾಡುತ್ತದೆ. ಸೆಕ್ಟರಿನ ಸಾಲು ಹಿಡಿದು ಓದಿದರೆ ಒಂದೇ ನಡಿಗೆ.

ಇದಕ್ಕೆ ಬಳಸಿದ್ದು ಗ್ನು ಡಿಡಿರೆಸ್ಕ್ಯೂ ಎಂಬ ಸಲಕರಣೆ. ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ಬಾಚಿಕೊಂಡು, ಕೊಡಲು ಸತಾಯಿಸುವ ಜಾಗಗಳನ್ನು ನಕ್ಷೆಯ ಫೈಲಿನಲ್ಲಿ ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ. ಆಮೇಲೆ ಅವುಗಳ ಬೆನ್ನು ಹತ್ತುತ್ತದೆ. ಮೊದಲ ಸುತ್ತು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಉಳಿದ ಚೂರುಪಾರಿಗೆ ಎರಡೂವರೆ ಗಂಟೆ. ನಡುವೆ ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ಕಿರುಚಿತು. ನಕ್ಷೆಯ ಫೈಲು ಬೇರೊಂದು ಪೆನ್‌ಡ್ರೈವಿನಲ್ಲಿದ್ದುದರಿಂದ ನನಗೇನೂ ಚಿಂತೆಯಿರಲಿಲ್ಲ. ನಿಂತರೂ ನಿಂತಲ್ಲಿಂದಲೇ ಹೊರಡಬಹುದು. ಮಾಲೀಕರ ಮನೆಯಿಂದ ರೊಟ್ಟಿ, ಮಡಕೆ ಕಾಳಿನ ಪಲ್ಯ ಬಂತು. ಊಟ ಮುಗಿಸಿ ಬಂದಾಗ ಪರದೆಯ ಮೇಲೆ ಓದಲಾಗದೆ ಉಳಿದದ್ದು 1,536 ಬೈಟು, ಅಂದರೆ ಮೂರು ಸೆಕ್ಟರ್.

ಮೂರು ಸೆಕ್ಟರ್ ತಾನೇ ಎಂದು ಬಿಡುವವರಿದ್ದಾರೆ. ಆ ಮೂರು ಯಾರ ಮನೆಯವು ಎಂದು ನೋಡಬೇಕು. ಒಂದು ಸೆಕ್ಟರಿನ ಸಂಖ್ಯೆ 4,12,63,265. ಪಾರ್ಟಿಷನ್ ಶುರುವಾಗುವುದು 63ನೆಯ ಸೆಕ್ಟರಿನಿಂದ, ಹಳೆಯ ಕಾಲದ ಪದ್ಧತಿಯಂತೆ. ಅಷ್ಟನ್ನು ಕಳೆದು, ಇಎಕ್ಸ್‌ಟಿ3ರ ಒಂದು ಬ್ಲಾಕಿಗೆ ಎಂಟು ಸೆಕ್ಟರಿನಂತೆ ಭಾಗಿಸಿದರೆ ಬ್ಲಾಕ್ 51,57,900. ಡಿಬಗ್‌ಎಫ್‌ಎಸ್ ಎಂಬ ಸಲಕರಣೆಗೆ ಬ್ಲಾಕಿನ ಸಂಖ್ಯೆ ಕೊಟ್ಟರೆ ಐನೋಡ್ ಹೇಳುತ್ತದೆ, ಐನೋಡ್ ಕೊಟ್ಟರೆ ಫೈಲಿನ ಹೆಸರು ಹೇಳುತ್ತದೆ. ಪಹಣಿ ಹಿಡಿದು ಹೊಲದ ಒಡೆಯನನ್ನು ಹುಡುಕುವ ಕೆಲಸವೇ. ಈ ಸೆಕ್ಟರೂ ಅದರ ಪಕ್ಕದ್ದೂ ಬೂಟ್ ಫೋಲ್ಡರಿನಲ್ಲಿದ್ದ, ಆರ್‌ಟಿಎಐ ಅಲ್ಲದ ಸಾಮಾನ್ಯ ಕರ್ನಲ್ಲಿನ ಇನಿಟ್‌ಆರ್‌ಡಿ ಎಂಬ, ಕರ್ನಲ್ ಏಳುವಾಗ ಬಳಸುವ ಫೈಲಿಗೆ ಸೇರಿದ್ದವು. ಯಂತ್ರ ನಡೆಸಲು ಆ ಕರ್ನಲ್ಲನ್ನು ಯಾರೂ ಬಳಸುತ್ತಿರಲಿಲ್ಲ. ಮೂರನೆಯದು ಯಾರಿಗೂ ಸೇರದ ಖಾಲಿ ಬ್ಲಾಕಿನಲ್ಲಿತ್ತು. ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ನಕಲಿನ ಸಾಲುಗಳನ್ನು ಮೇಲಕ್ಕೆ ಸರಿಸಿ ನೋಡಿದ. ಅದೇ ಇನಿಟ್‌ಆರ್‌ಡಿ ಹೆಸರಿನ ಮುಂದೆ ‘ಇನ್‌ಪುಟ್ ಔಟ್‌ಪುಟ್ ಎರರ್’ ಎಂಬ ಸಾಲು ಬಂದುಹೋಗಿತ್ತು. ಸಾವಿರಾರು ಫೈಲುಗಳ ನಡುವೆ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಸ್ಟೇಜ್ 2 ಫೈಲು ಪೂರ್ತಿ ಬಂದಿದೆಯೇ ಎಂದು ಅವನೇ ಪರೀಕ್ಷಿಸಲು ಹೊರಟು ಇನ್ನೊಂದು ಗುಂಡಿಗೆ ಬಿದ್ದ. ಉಬುಂಟುವಿನ ಲಿಬ್ ಫೋಲ್ಡರಿನಲ್ಲಿ ಸ್ಟೇಜ್ 2ರ ಮೂಲ ಪ್ರತಿ ಇರುತ್ತದೆ. ಬೂಟ್ ಫೋಲ್ಡರಿನದನ್ನು ಅದರೊಂದಿಗೆ ಹೋಲಿಸಿದರೆ ಎರಡೂ ಬೇರೆ ಬೇರೆ. ‘ಇದೂ ಕೆಟ್ಟಿದೆ ಸರ್!’ ಕೆಟ್ಟಿರಲಿಲ್ಲ. ಅಳವಡಿಸುವಾಗ ಗ್ರಬ್ ಮೆನುವಿನ ವಿಳಾಸ, ಪಾರ್ಟಿಷನ್ನಿನ ಸಂಖ್ಯೆ ಮುಂತಾದುವನ್ನು ಸ್ಟೇಜ್ 2ರೊಳಗೇ ಕೆತ್ತಿಬಿಡುತ್ತದೆ. ವ್ಯತ್ಯಾಸ ಎಷ್ಟು ಬೈಟು, ಎಲ್ಲಿ ಎಂದು ನೋಡಿದರೆ ಶುರುವಿನ ಬೆರಳೆಣಿಕೆಯ ಬೈಟುಗಳು ಮಾತ್ರ. ಉಳಿದ ಒಂದು ಲಕ್ಷ ಚಿಲ್ಲರೆ ಬೈಟು ಒಂದೇ.

ಬೂಟ್ ಮಾಡುವ ಮೊದಲು ಹಳೆಯ ಡಿಸ್ಕಿನ ಕೇಬಲ್ ಕಿತ್ತೆ. ಇದನ್ನು ಮರೆತು ಪಾಡುಪಟ್ಟವರನ್ನು ಬಲ್ಲೆ. ಎರಡು ಡಿಸ್ಕಿನಲ್ಲೂ ಈಗ ಒಂದೇ ಯುಯುಐಡಿ. ಎರಡೂ ಸಿಕ್ಕಿಸಿದ್ದರೆ ಲೋಡರ್ ಒಂದರಿಂದ ಎದ್ದು, ರೂಟ್ ಇನ್ನೊಂದರಿಂದ ಮೌಂಟ್ ಆಗಬಹುದು. ರಿಪೇರಿಯಾಯಿತೆಂದು ಸಂಭ್ರಮಿಸಿ, ಸಾಯುವ ಡಿಸ್ಕಿನ ಮೇಲೆಯೇ ಇನ್ನೊಂದು ವಾರ ಬರೆಯುತ್ತ ಕೂರಬಹುದು.

ಸಂಜೆ ಆರೂಕಾಲಿಗೆ ‘ಗ್ರಬ್ ಲೋಡಿಂಗ್ ಸ್ಟೇಜ್ 1.5’ ಬಂತು, ಕ್ಷಣದಲ್ಲಿ ಮೆನು ಬಂತು, ಇಎಂಸಿ2 ತೆರೆಯಿತು. ಮಾಲೀಕರು ತಕ್ಷಣ ಪ್ಯಾಟರ್ನ್ ಮುಂದುವರಿಸಲು ಹೊರಟರು. ‘ಕಾಕಾ, ಒಂದು ಗಂಟೆ ತಡೆಯಿರಿ’ ಎಂದು ತಡದ ಪರೀಕ್ಷೆ ಹಚ್ಚಿದೆ. ಗ್ರಾಫಿಕ್ಸ್ ಕುಣಿಸಿ, ದೊಡ್ಡ ಫೈಲುಗಳನ್ನು ನಕಲಿಸಿ ಕಂಪ್ಯೂಟರನ್ನು ಬೇಕೆಂದೇ ಪೀಡಿಸಿದೆ. ಡಿಸ್ಕ್ ಬದಲಾದರೆ ತಡವೂ ಬದಲಾಗಬಹುದು. ಬಂದದ್ದು 10,900. ಎಂಡಿಎಫ್ ಹಲಗೆಯ ಮೇಲೆ 100 ಮಿಲಿಮೀಟರಿನ ಚೌಕ ಕೊರೆಸಿ ವರ್ನಿಯರ್ ಹಿಡಿದು ಅಳೆದ ಮೇಲೆ ಯಂತ್ರವನ್ನು ಅವರಿಗೆ ಒಪ್ಪಿಸಿದೆ.

ಹಳೆಯದನ್ನೇ ಏಕೆ ಬಿಟ್ಟೆ

ಹುಡುಗನಿಗೆ ಇನ್ನೂ ಸಮಾಧಾನವಿರಲಿಲ್ಲ. ಈಗ ಎಲ್ಲವೂ ಸರಿಯಿದೆ, ಫೈಲ್ ಸಿಸ್ಟಂ ಇಎಕ್ಸ್‌ಟಿ3, ಗ್ರಬ್ 2 ಇದನ್ನೂ ಓದುತ್ತದೆ, ಈಗಲಾದರೂ ಹಾಕಬಾರದೇ? ಪಾರ್ಟಿಷನ್ 63ನೆಯ ಸೆಕ್ಟರಿಗೆ ಶುರುವಾಗುವುದರಿಂದ ನಡುವೆ ಸಿಗುವ ಬಯಲು 62 ಸೆಕ್ಟರ್, 31,744 ಬೈಟು. ಗ್ರಬ್ 2ರ ತಿರುಳು ಅದರಲ್ಲಿ ಇಕ್ಕಟ್ಟಾಗಿಯಾದರೂ ಹಿಡಿಸುತ್ತದೆ. ಹೊಸ ಡಿಸ್ಕುಗಳಲ್ಲಿ ಮೊದಲ ಪಾರ್ಟಿಷನ್ 2048ನೆಯ ಸೆಕ್ಟರಿನಿಂದ ಶುರುವಾಗುವುದರಿಂದ ಈ ಇಕ್ಕಟ್ಟು ಇಲ್ಲ.

ಜಾಗ ನನ್ನ ಅಡ್ಡಿಯಾಗಿರಲಿಲ್ಲ. 8.04ರ ಭಂಡಾರದಲ್ಲಿ ಸಿಗುವ ಗ್ರಬ್ 2 ಇನ್ನೂ 1.96ರ ಪ್ರಯೋಗದ ಹಂತದ್ದು. ಅದನ್ನು ಹಾಕುವುದಿಲ್ಲ ಎಂದಾದರೆ ಹೊರಗಿನ ಲೈವ್ ಪೆನ್‌ಡ್ರೈವಿನಿಂದ ಬರೆಯಬೇಕು. ಹಾಗೆ ಬರೆದರೆ ಡಿಸ್ಕಿನೊಳಗಿನ ಉಬುಂಟುವಿಗೆ ಆ ವಿಷಯ ಗೊತ್ತಾಗುವುದಿಲ್ಲ. ನಾಳೆ ಯಾರೋ ಕರ್ನಲ್ ಸಾಲಿಗೆ ಒಂದು ಆಯ್ಕೆ ಸೇರಿಸಲು ಮೆನು.ಎಲ್‌ಎಸ್‌ಟಿ ತಿದ್ದುತ್ತಾರೆ, ಅಪ್‌ಡೇಟ್-ಗ್ರಬ್ ಓಡಿಸುತ್ತಾರೆ, ಅದೂ ಚೊಕ್ಕವಾಗಿ ಮುಗಿದೆ ಎನ್ನುತ್ತದೆ. ಬೂಟ್ ಮಾಡಿದರೆ ಏನೂ ಬದಲಾಗಿರುವುದಿಲ್ಲ, ಏಕೆಂದರೆ ಓದುವವನು ಬೇರೆ, ಅವನು ಓದುವ ಫೈಲು ಬೇರೆ. ಒಂದೇ ಅಂಗಡಿಗೆ ಎರಡು ಖಾತೆ ಪುಸ್ತಕ. ಜಾಲಕ್ಕೆ ಜೋಡಿಸದ, ಒಂದೇ ಕರ್ನಲ್ಲಿನ ಮೇಲೆ ಹತ್ತು ವರ್ಷ ನಿಂತ ಯಂತ್ರಕ್ಕೆ ಇದರಿಂದ ಸಿಗುವ ಲಾಭ ಒಂದೂ ನನಗೆ ಕಾಣಲಿಲ್ಲ. ಇದೇ ಕಂಪ್ಯೂಟರ್ ಕಚೇರಿಯದಾಗಿದ್ದು ಜಾಲಕ್ಕೆ ಜೋಡಿಸಿದ್ದರೆ ಗ್ರಬ್ ಒಂದನ್ನೇ ಅಲ್ಲ, ಇಡೀ ಕಾರ್ಯವ್ಯವಸ್ಥೆಯನ್ನು ಬದಲಿಸಿ ಎಂದು ಹಟ ಹಿಡಿಯುತ್ತಿದ್ದೆ. ಹಾಗೆ ಬದಲಿಸಿದಾಗ ಗ್ರಬ್ 2 ತಾನಾಗಿಯೇ ಬರುತ್ತದೆ.

ಹೊರಡುವ ಮೊದಲು ಡಿಸ್ಕಿನ ಮೊದಲ 63 ಸೆಕ್ಟರುಗಳನ್ನು ಒಂದು ಫೈಲಾಗಿ ಎತ್ತಿ ಪೆನ್‌ಡ್ರೈವಿನಲ್ಲಿ ಇಟ್ಟೆ. ಮೆನು.ಎಲ್‌ಎಸ್‌ಟಿ ಫೈಲನ್ನು ಮುದ್ರಿಸಿ ಕ್ಯಾಬಿನೆಟ್ಟಿನೊಳಗೆ ಹಳದಿ ಚೀಟಿಯ ಪಕ್ಕ ಅಂಟಿಸಿದ್ದು ಹುಡುಗ. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ‘ಇಲ್ಲಿ ಪಾರ್ಟಿಷನ್ ಸೊನ್ನೆಯಿಂದ ಎಣಿಸಬೇಕು’ ಎಂದು ಬರೆದ.

ಎರಡು ವರ್ಷದ ಮೇಲೆ, 2020ರ ಜುಲೈ ಕೊನೆಯ ದಿನ, ಅವನೇ ಫೋನ್ ಮಾಡಿದ. ಗ್ರಬ್ 2ರಲ್ಲಿ ಬೂಟ್‌ಹೋಲ್ ಎಂಬ ಭದ್ರತಾ ಲೋಪ ಬಯಲಾಗಿ ಎಲ್ಲ ವಿತರಣೆಗಳೂ ತರಾತುರಿಯಲ್ಲಿ ಪರಿಷ್ಕರಣೆ ಹೊರಡಿಸಿದ್ದ ವಾರ ಅದು. ಅವನ ಸ್ವಂತ ಕಂಪ್ಯೂಟರ್ ಪರಿಷ್ಕರಣೆ ಮುಗಿಸಿ ಮತ್ತೆ ಎದ್ದಾಗ ‘ಗ್ರಬ್_ಕ್ಯಾಲಕ್ ಎಂಬ ಸಿಂಬಲ್ ಸಿಗಲಿಲ್ಲ’ ಎಂದು ಹೇಳಿ ರೆಸ್ಕ್ಯೂ ಮೋಡಿಗೆ ಬಿದ್ದಿತ್ತು. ಏನು ಮಾಡಲಿ ಎಂದು ಅವನು ಕೇಳಲಿಲ್ಲ, ತಾನು ಕಂಡುಕೊಂಡದ್ದು ಸರಿಯೇ ಎಂದು ಕೇಳಿದ. ಆರು ತಿಂಗಳ ಹಿಂದೆ ಡಿಸ್ಕ್ ಬದಲಿಸಿದ್ದನಂತೆ. ಗ್ರಬ್ ಪ್ಯಾಕೇಜಿನ ನೆನಪಿನಲ್ಲಿ ಇನ್ನೂ ಹಳೆಯ ಡಿಸ್ಕಿನ ಗುರುತೇ ಉಳಿದಿತ್ತು; ಹೀಗಾಗಿ ಹೊಸ ಮಾಡ್ಯೂಲುಗಳು ಬೂಟ್ ಫೋಲ್ಡರಿಗೆ ಬಂದವು, ಆದರೆ ಬಯಲಿನಲ್ಲಿದ್ದ ತಿರುಳು ಹಳೆಯದೇ ಉಳಿಯಿತು.

‘ಮತ್ತೆ ಅರ್ಧ ಹಳೆಯದು, ಅರ್ಧ ಹೊಸದು, ಅಲ್ಲವೇ ಸರ್?’

ಹೌದೆಂದೆ. ಲೈವ್ ಪೆನ್‌ಡ್ರೈವಿನಿಂದ ಒಳಹೊಕ್ಕು ಗ್ರಬ್-ಇನ್‌ಸ್ಟಾಲ್ ಓಡಿಸಿ, ಪ್ಯಾಕೇಜನ್ನು ಮತ್ತೆ ಸಂರಚಿಸಿ, ಡಿಸ್ಕುಗಳ ಪಟ್ಟಿಯಲ್ಲಿ ಸರಿಯಾದ ಡಿಸ್ಕಿನ ಮುಂದೆ ಗುರುತು ಹಾಕಲು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಆ ಕಡೆಯಿಂದ ಕೀಲಿಗಳ ಸದ್ದು ಕೇಳುತ್ತಿತ್ತು.